ಅನಂತಪುರದ ಮೊಸಳೆಗೆ ಟೈಮ್‌ಟೇಬಲ್ ಇಲ್ಲ ಮಾರಾಯ್ರೆ

ನಿನ್ನೆ ಅತ್ತೆಯನ್ನು ಕರೆದುಕೊಂಡು ನಮ್ಮ ಕಾಸರಗೋಡು ಜಿಲ್ಲೆಯ ಅನಂತಪುರಕ್ಕೆ, ಕೆರೆಯ ನಡುವಿನ ಪದ್ಮನಾಭ ದೇವಸ್ಥಾನಕ್ಕೆ ಹೋಗಿದ್ದೆ. ತಲೆ ಕೆಟ್ಟು ಮನೆಗೆ ಬಂದೆ. ಇದನ್ನು ಬರೆದು ಮುಗಿಸದೆ ಸಮಾಧಾನ ಇಲ್ಲ, ಉದ್ದ ಆದರೆ ಸಹಿಸಿಕೊಳ್ಳಿ.

ಕೆರೆಯ ಹತ್ತಿರ ಒಬ್ಬರು ಅರ್ಚಕರನ್ನು ತಡೆದು ನಿಲ್ಲಿಸಿ ಕೇಳುತ್ತಿದ್ದರು, "ಸ್ವಾಮೀ, ಮೊಸಳೆ ಎಷ್ಟು ಗಂಟೆಗೆ ಬರುತ್ತೆ?" ಒದ್ದೆ ಪಂಚೆ, ಕೈಯಲ್ಲಿ ಹೂವಿನ ಬುಟ್ಟಿ, ಪೂಜೆಯ ಅವಸರದಲ್ಲಿದ್ದ ಮನುಷ್ಯ. "ಅದು ಹೇಳಲಿಕ್ಕೆ ಆಗುವುದಿಲ್ಲ" ಎಂದು ನಡೆದೇಬಿಟ್ಟರು. ಕೇಳಿದವರಿಗೆ ಸಿಟ್ಟು. ಬೆಂಗಳೂರಿನಿಂದ ಪೆಟ್ರೋಲ್ ಸುಟ್ಟುಕೊಂಡು ಬಂದದ್ದಂತೆ, ಮೊಸಳೆಯೇ ಇಲ್ಲವಂತೆ, ಗೂಗಲ್ ಮ್ಯಾಪಿನಲ್ಲಿ ಒಂದೇ ಸ್ಟಾರ್ ಕೊಡುತ್ತಾರಂತೆ! ಯಾರಿಗೆ ಕೊಡುವುದು? ಪದ್ಮನಾಭನಿಗೋ, ಮೊಸಳೆಗೋ? ಅಷ್ಟರಲ್ಲಿ ಅವರ ಮಗ ಚಪ್ಪಾಳೆ ತಟ್ಟುತ್ತಾ ನೀರಿಗೆ ಬಿಸ್ಕತ್ತು ಎಸೆಯತೊಡಗಿದ. ನಮ್ಮ ಅತ್ತೆ ತುಳುವಿನಲ್ಲಿ ಒಂದು ಗದರಿದರು ನೋಡಿ. ಭಾಷೆ ಬರದಿದ್ದರೂ ಹುಡುಗನಿಗೆ ವಿಷಯ ಅರ್ಥವಾಯಿತು. ಅಪ್ಪನಿಗೆ ಆಗಲಿಲ್ಲ.

ಈ ಕೆರೆಯಲ್ಲಿದ್ದ ಹಳೆಯ ಮೊಸಳೆ ಬಬಿಯಾ ತೀರಿಹೋದದ್ದು 2022ರ ಅಕ್ಟೋಬರ್ 9ರ ರಾತ್ರಿ. ಆಗ ನಾನು ಅತ್ತದ್ದು ನಿಜ. "ಮೊಸಳೆ ಕಣ್ಣೀರು" ಎಂದು ನಮ್ಮ ಭಾವ ತಮಾಷೆ ಮಾಡಿದ್ದರು, ಅದನ್ನು ನಾನಿನ್ನೂ ಕ್ಷಮಿಸಿಲ್ಲ (ಭಾವಾ, ಓದುತ್ತಿದ್ದೀರಲ್ವಾ?). ಮಧ್ಯಾಹ್ನದ ಪೂಜೆ ಮುಗಿದ ಮೇಲೆ ನೈವೇದ್ಯ ಹಾಕುತ್ತಿದ್ದರು, ಅದು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕಂಡರೆ ಕೈಮುಗಿಯುವುದು, ಕಾಣದಿದ್ದರೂ ಕೈಮುಗಿದು ಮನೆಗೆ ಹೋಗುವುದು. ಅದು ಸತ್ತ ಸುದ್ದಿ ಟಿವಿಯಲ್ಲಿ ದೇಶವೆಲ್ಲ ಸುತ್ತಿತು. 2023ರ ನವೆಂಬರಿನಲ್ಲಿ ಕೆರೆಯಲ್ಲಿ ಇನ್ನೊಂದು ಮೊಸಳೆ ಕಾಣಿಸಿತು. ಅಲ್ಲಿಂದ ಶುರು ಈ ಹಾಜರಿ ಕೂಗುವ ಕೆಲಸ.

ಬಂದವರಲ್ಲಿ ಬೇರೆ ಏನನ್ನಾದರೂ ಕೇಳುವವರು ಎಷ್ಟು ಜನ? ಕೇರಳದಲ್ಲಿ ಕೆರೆಯ ನಡುವೆ ಇರುವ ದೇವಸ್ಥಾನ ಇದೊಂದೇ ಎನ್ನುತ್ತಾರೆ. ತಿರುವನಂತಪುರದ ಪದ್ಮನಾಭನ ಮೂಲಸ್ಥಾನ ಇದು ಎಂಬ ನಂಬಿಕೆ. ಇಲ್ಲಿನ ಹಳೆಯ ಮೂರ್ತಿಗಳು ಕಲ್ಲಿನವೂ ಅಲ್ಲ, ಲೋಹದವೂ ಅಲ್ಲ. ಕಡುಶರ್ಕರ ಪಾಕದವು, ಎಪ್ಪತ್ತಕ್ಕೂ ಜಾಸ್ತಿ ವಸ್ತು ಸೇರಿಸಿ ಅರೆದು ಮಾಡುವಂಥದ್ದು ಎನ್ನುತ್ತಾರೆ. ಇನ್ನು ಸುತ್ತಲಿನ ಪದವು, ಅಂದರೆ ಕಲ್ಲುಹಾಸಿನ ಎತ್ತರದ ಬಯಲು! ಬೇಸಿಗೆಯಲ್ಲಿ ಕಾದ ಮುರಕಲ್ಲು, ಮಳೆಗಾಲದಲ್ಲಿ ಅದೇ ಕಲ್ಲಿನ ಗುಂಡಿಗಳಲ್ಲಿ ನೀರು ನಿಂತು ಬೆರಳುಗುರಿನಷ್ಟು ಚಿಕ್ಕ ನೀಲಿ ಹೂಗಳು. ಆ ಪದವು ಕುಡಿದ ನೀರೇ ಕೆಳಗಿನ ಬಾವಿಗಳಿಗೆ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಗೆ ಇಳಿಯುವುದು. ಅದರ ಮೇಲೆಯೇ ಈಗ ಕಾರು ನಿಲ್ಲಿಸಿ, ತಿಂದ ಪ್ಲೇಟು ಅಲ್ಲೇ ಬಿಸಾಡಿ, ಡ್ರೋನ್ ಹಾರಿಸುವುದು.

ನಮ್ಮದೇ ಜಿಲ್ಲೆಯ ಬೇಕಲದಲ್ಲೂ ಇದೇ ಕಥೆ ಅಲ್ವಾ? ನಮ್ಮ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಕೋಟೆ, ಸುಮಾರು 40 ಎಕರೆ. ಆಮೇಲೆ ಹೈದರಾಲಿ, ಟಿಪ್ಪು, 1799ರ ನಂತರ ಕಂಪನಿ ಸರ್ಕಾರ. ಬಂದವರು ಹುಡುಕುವುದು ಮಾತ್ರ ಯಾವುದೋ ಸಿನಿಮಾ ಹಾಡಿನಲ್ಲಿ ಹೀರೋ ನಿಂತ ಜಾಗ. ಕೋಟೆಗೆ ಬಂದು ಹಾಡು ಹುಡುಕುತ್ತಾರೆ, ದೇವಸ್ಥಾನಕ್ಕೆ ಬಂದು ಮೊಸಳೆ ಹುಡುಕುತ್ತಾರೆ.

ಈಗ ಒಬ್ಬರು ಕಮೆಂಟ್ ಹಾಕೇ ಹಾಕುತ್ತಾರೆ: "ಪ್ರವಾಸಿಗರು ಬಂದರೆ ಊರಿನವರಿಗೆ ನಾಲ್ಕು ಕಾಸು ಸಿಗುತ್ತದಲ್ಲ, ನಿಮಗೇನು ಹೊಟ್ಟೆಕಿಚ್ಚು?" ಸಿಗಲಿ ಮಾರಾಯ್ರೆ, ಬೇಡ ಅಂದವರು ಯಾರು! ಆದರೆ ಎಲ್ಲಿ ಸಿಗುತ್ತಿದೆ? ಬೆಳಿಗ್ಗೆ ಮಂಗಳೂರಿನಲ್ಲಿ ತಿಂಡಿ, ಹತ್ತಕ್ಕೆ ಅನಂತಪುರ, ಮಧ್ಯಾಹ್ನ ಬೇಕಲ, ರಾತ್ರಿ ಮತ್ತೆ ಮಂಗಳೂರಿನಲ್ಲಿ ಊಟ. ಹೆದ್ದಾರಿ ಅಗಲವಾದ ಮೇಲಂತೂ ಗಡಿಯ ತಲಪಾಡಿ ದಾಟಿದ್ದೇ ಗೊತ್ತಾಗುವುದಿಲ್ಲ. ನಮಗೆ ಉಳಿಯುವುದು ಒಂದು ಎಳನೀರಿನ ದುಡ್ಡು ಮತ್ತು ಒಂದು ಚೀಲ ಕಸ. ಬೇಕಲವನ್ನು ಕೇಂದ್ರ ಸರ್ಕಾರ ವಿಶೇಷ ಪ್ರವಾಸೋದ್ಯಮ ಪ್ರದೇಶ ಅಂತ ಘೋಷಿಸಿದ್ದು 1992ರಲ್ಲಿ. ದೊಡ್ಡ ರೆಸಾರ್ಟುಗಳು ಬಂದವು, ಸಂತೋಷ. ಅಲ್ಲಿ ಉಳಿಯುವವರು ಇಲ್ಲೇ ಹತ್ತಿರದ ಕುಂಬಳೆ ಪೇಟೆಯಲ್ಲಿ ಒಂದು ಚಹಾ ಕುಡಿದದ್ದನ್ನು ನಾನಂತೂ ನೋಡಿಲ್ಲ.

ಇದೇ ಕೇರಳದ ಕುಮರಗಂನಲ್ಲಿ 2008ರಿಂದ ಬೇರೆ ಥರ ಮಾಡಿ ತೋರಿಸಿದ್ದಾರೆ. ಹೋಟೆಲಿಗೆ ಬೇಕಾದ ತರಕಾರಿ, ಮೊಟ್ಟೆ, ತೆಂಗಿನಕಾಯಿ ಊರಿನ ಮನೆಗಳಿಂದಲೇ, ಕುಟುಂಬಶ್ರೀ ಹೆಂಗಸರ ಗುಂಪುಗಳ ಮೂಲಕ. ಬಂದವರನ್ನು ಮನೆಯಂಗಳಕ್ಕೆ ಕರೆದೊಯ್ದು ಹಗ್ಗ ಹೊಸೆಯುವುದು, ಓಲೆ ಹೆಣೆಯುವುದು ತೋರಿಸುತ್ತಾರೆ, ಅದಕ್ಕೂ ದುಡ್ಡು. ನಮ್ಮಲ್ಲಿ ಕುಟುಂಬಶ್ರೀ ಇಲ್ವಾ? ಸುರಂಗದೊಳಗೆ ಬಗ್ಗಿ ಹೋಗಿ ಮಣ್ಣು ಅಗೆದ ಹಿರಿಯರು ಇನ್ನೂ ಇದ್ದಾರೆ. ಒಂದು ಸುರಂಗ ತೋರಿಸಿ, ನಮ್ಮ ಅಕ್ಕಿಯ ತಿಂಡಿ ಕಲ್ತಪ್ಪ ಮಾಡಿ ಬಡಿಸಿದರೆ ಮಧ್ಯಾಹ್ನ ಹೊರಡುವ ಕಾರು ಸಂಜೆಯವರೆಗೆ ನಿಲ್ಲುತ್ತದೆ. ಕಾರು ಪದವಿನ ಮೇಲೆ ಹತ್ತದೆ ಕೆಳಗೇ ನಿಲ್ಲಲಿ, ಮೇಲಕ್ಕೆ ಊರಿನ ರಿಕ್ಷಾ ಓಡಲಿ, ಬಾಡಿಗೆ ರಿಕ್ಷಾದವನಿಗೆ. ಕನ್ನಡ, ತುಳು, ಮಲಯಾಳ ಮೂರೂ ಸಲೀಸಾಗಿ ಬರುವ ಹುಡುಗ ಹುಡುಗಿಯರು ಡಿಗ್ರಿ ಮುಗಿಸಿ ಮನೆಯಲ್ಲಿ ಕೂತಿದ್ದಾರೆ. ಅವರಿಗೆ ಸಂಬಳ ಕೊಟ್ಟು ದಾರಿಯ ಬುಡದಲ್ಲೇ ನಿಲ್ಲಿಸಿ. ಬಂದವರಿಗೆ ಹತ್ತು ನಿಮಿಷ ಊರಿನ ಕಥೆ ಹೇಳಲಿ, ಬಿಸ್ಕತ್ತಿನ ಪೊಟ್ಟಣ ಕೆಳಗೇ ಇಡಿಸಿಕೊಳ್ಳಲಿ.

ನನಗೂ ಹೊಸ ಮೊಸಳೆ ನೋಡುವ ಆಸೆ ಇಲ್ಲ ಅಂತಲ್ಲ. ಇದೆ, ಬೇಕಾದಷ್ಟಿದೆ. ಇದುವರೆಗೆ ಒಮ್ಮೆಯೂ ಕಂಡಿಲ್ಲ. ಹಾಗಂತ ಯಾರ ಪಂಚೆ ಹಿಡಿದೂ ಎಳೆದಿಲ್ಲ.

ಈಗ ಬೆಂಗಳೂರಿನಿಂದ ಭಾವನ ಮಗನ ಮೆಸೇಜು. ಆಫೀಸಿನ ಒಂದು ವ್ಯಾನ್ ಜನರನ್ನು ಕರೆದುಕೊಂಡು ಬರುತ್ತಾನಂತೆ, "ಚಿಕ್ಕಮ್ಮ, ಕ್ರೊಕೊಡೈಲ್ ನೋಡಲು ಬೆಸ್ಟ್ ಟೈಮ್ ಹೇಳಿ" ಅಂತ. ಬಾ ಮಗಾ, ಎಲ್ಲರಿಗೂ ಊಟ ಹಾಕುತ್ತೇನೆ. ವ್ಯಾನ್ ನಮ್ಮ ಅಂಗಳದಲ್ಲಿ ಬಿಟ್ಟು ಮೇಲಕ್ಕೆ ನಡೆದು ಹೋಗಬೇಕು. ಡ್ರೋನ್ ತಂದರೆ ವಾಪಸ್ ಹೋಗುವವರೆಗೆ ಅದು ನನ್ನ ಕಪಾಟಿನಲ್ಲಿರುತ್ತದೆ.