ಸತ್ಯಾಂಶ: ಸುಪ್ರೀಂ ಕೋರ್ಟಿನ ಮೇಲೆ ಇನ್ನೊಂದು ಕೋರ್ಟ್ ಇದೆಯಾ?

ಉಡುಪಿ, ಮಂಗಳೂರಿನ ಫ್ಯಾಮಿಲಿ ಗ್ರೂಪುಗಳಲ್ಲಿ ಆಗಾಗ ಬರುವ ಮೆಸೇಜು ಇದು. ಸುಪ್ರೀಂ ಕೋರ್ಟಿನಲ್ಲಿ ಸೋತರೂ ಅಂತಾರಾಷ್ಟ್ರೀಯ ಮಾನವ ಹಕ್ಕು ಕೋರ್ಟಿನ ಜಡ್ಜ್‌ಗಳು ತೀರ್ಪು ಬದಲಿಸುತ್ತಾರಂತೆ. ಹಾಗಿಲ್ಲ. ನಮ್ಮ ಕೇಸಿಗೆ ಸುಪ್ರೀಂ ಕೋರ್ಟೇ ಕೊನೆ. ಮರುಪರಿಶೀಲನೆ ಅರ್ಜಿ ಹಾಕುವುದಾದರೂ ಅಲ್ಲೇ.

ಗೊಂದಲ ಸಹಜ, ಅಂಥ ಕೋರ್ಟುಗಳು ನಿಜಕ್ಕೂ ಇವೆ ಅಲ್ವಾ. ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿರುವುದು ಯುರೋಪಿನದು. 46 ಸದಸ್ಯ ದೇಶಗಳು, ದೇಶಕ್ಕೊಬ್ಬ ಜಡ್ಜ್. ಪ್ರತಿ ದೇಶ ಮೂವರ ಹೆಸರು ಕಳಿಸುತ್ತದೆ, ಅವರಲ್ಲಿ ಒಬ್ಬರನ್ನು ಈ ದೇಶಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಯುರೋಪಿನ ಸಂಸದೀಯ ಸಭೆ ಓಟು ಹಾಕಿ ಆರಿಸುತ್ತದೆ, ಅವಧಿ 9 ವರ್ಷ, ಮುಗಿದ ಮೇಲೆ ಮತ್ತೆ ಆಯ್ಕೆಯಾಗುವ ಹಾಗಿಲ್ಲ (ಒಳ್ಳೆಯ ನಿಯಮ, ಯಾರನ್ನೂ ಮೆಚ್ಚಿಸುವ ಅಗತ್ಯವಿಲ್ಲ). ಆದರೆ ದೂರು ಆ 46 ದೇಶಗಳ ಮೇಲೆ ಮಾತ್ರ. ಕುಂದಾಪುರದ ಹುಡುಗನೊಬ್ಬ ಜರ್ಮನಿಯಲ್ಲಿದ್ದು, ಅಲ್ಲಿನ ಸರ್ಕಾರ ಅವನ ಹಕ್ಕು ಕಸಿದರೆ, ಅಲ್ಲಿನ ಕೋರ್ಟುಗಳೆಲ್ಲ ಮುಗಿದ ಮೇಲೆ ಅವನೂ ದೂರು ಕೊಡಬಹುದು. ಕುಂದಾಪುರದ ಜಾಗದ ತಕರಾರಿಗೆ ಆಗುವುದಿಲ್ಲ. ಅಮೆರಿಕ ಖಂಡಗಳಿಗೆ, ಆಫ್ರಿಕಾಕ್ಕೆ ಬೇರೆ ಕೋರ್ಟುಗಳಿವೆ. ಏಷ್ಯಾಕ್ಕೆ ಇಲ್ಲ. ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದಲ್ಲಿ 15 ಜಡ್ಜ್‌ಗಳಿದ್ದಾರೆ, ಆದರೆ ಅಲ್ಲಿ ಕಕ್ಷಿದಾರರಾಗುವುದು ದೇಶಗಳು ಮಾತ್ರ.

ನೀವೇ ನೋಡಬಹುದು. ಸುಮ್ನೆ ಸ್ಟ್ರಾಸ್‌ಬರ್ಗ್ ಕೋರ್ಟಿನ ಅಧಿಕೃತ ವೆಬ್‌ಸೈಟ್ ತೆರೆದು ಜಡ್ಜ್‌ಗಳ ಪಟ್ಟಿ ಹುಡುಕಿ, ಪ್ರತಿ ಹೆಸರಿನ ಜೊತೆ ದೇಶ ಬರೆದಿರುತ್ತದೆ. ಭಾರತ ಕಾಣುವುದಿಲ್ಲ. ಮೆಸೇಜಿನಲ್ಲಿ ಕೋರ್ಟಿನ ಪೂರ್ತಿ ಹೆಸರು, ಊರು ಇಲ್ಲದಿದ್ದರೆ ಅಲ್ಲೇ ಅನುಮಾನ ಬರಬೇಕು. ಯಾರಾದರೂ ಸ್ಟ್ರಾಸ್‌ಬರ್ಗ್ ಕೋರ್ಟಿನ ಫೀಸು ಅಂತ ದುಡ್ಡು ಕೇಳಿದರೆ ಕೊಡಬೇಡಿ, ಅಲ್ಲಿ ಅರ್ಜಿಗೆ ಶುಲ್ಕವೇ ಇಲ್ಲ.