ಕಸಾರಾ ಲೋಕಲ್ಲೂ ಕವಲೇದುರ್ಗವೂ

ಮುಂಬಯಿ ಪಕ್ಕದ ಡೊಂಬಿವಲಿಗೆ ಬಂದ ಹೊಸದರಲ್ಲಿ ಊರಿಗೆ ಫೋನ್ ಮಾಡಿ, "ಈ ಭಾನುವಾರ ಬೆಟ್ಟಕ್ಕೆ ಹೋಗ್ತಿದ್ದೀನಿ" ಅಂದೆ. "ಬೆಟ್ಟಕ್ಕಾ? ಎಂತ ತರೋಕೆ?" ಅಂತ ಅಮ್ಮ ಕೇಳಿದಳು.

ಅವಳ ಪ್ರಶ್ನೆ ಸರಿಯೇ. ಸಾಗರದ ಕಡೆ ನಮಗೆ ಬೆಟ್ಟ ಅಂದರೆ ಸೊಪ್ಪಿನ ಬೆಟ್ಟ. ಅಲ್ಲಿಗೆ ಹೋಗೋದು ಸೊಪ್ಪು ಕಡಿಯೋಕೆ, ಒಣಗಿ ಉದುರಿದ ಎಲೆ, ಅಂದರೆ ದರಕು ಗುಡಿಸೋಕೆ. ಕಾಲಿಗೆ ಉಂಬಳ ಹತ್ತಿಸಿಕೊಂಡು ಸುಮ್ನೆ ಮೇಲೆ ಹೋಗಿ ಸುಮ್ನೆ ಕೆಳಗೆ ಬರೋರನ್ನು ನಾವು ನೋಡಿರಲಿಲ್ಲ.

ಮುಂಬಯಿಯವರು ಸುಮ್ನೆಯೇ ಹೋಗುತ್ತಾರೆ. ಶನಿವಾರ ರಾತ್ರಿ ಕಸಾರಾ ಸ್ಟೇಷನ್ನಿಗೆ ಹೋಗುವ ಕೊನೆಯ ಲೋಕಲ್ ರೈಲು ನೋಡಬೇಕು ನೀವು. ಅರ್ಧ ಡಬ್ಬಿ ಕೆಲಸ ಮುಗಿಸಿ ತೂಕಡಿಸುವವರು, ಇನ್ನರ್ಧ ಬೆನ್ನಿಗೆ ಚೀಲ, ಹಣೆಗೆ ಟಾರ್ಚು ಕಟ್ಟಿಕೊಂಡವರು. ಎರಡು ವಡಾಪಾವಿನ ದುಡ್ಡಲ್ಲಿ ಸಹ್ಯಾದ್ರಿಯ ಬುಡ ಮುಟ್ಟಬಹುದು. ಅಲ್ಲಿಂದ ಜೀಪು ಹಿಡಿದು ಬಾರಿ ಅನ್ನೋ ಹಳ್ಳಿ, ಆಮೇಲೆ ಕತ್ತಲಲ್ಲೇ ಕಳಸೂಬಾಯಿ. 1646 ಮೀಟರ್, ಮಹಾರಾಷ್ಟ್ರದಲ್ಲೇ ಎತ್ತರದ ಶಿಖರ. ನಮ್ಮ ಮುಳ್ಳಯ್ಯನಗಿರಿಗಿಂತ ಗಿಡ್ಡ ಅಂತ ಒಳಗೊಳಗೇ ಬೀಗಿದ್ದೆ. ಆದರೆ ಮುಳ್ಳಯ್ಯನಗಿರಿಯಲ್ಲಿ ಹೆಚ್ಚುಕಡಿಮೆ ತುದಿವರೆಗೂ ಕಾರು ಹೋಗುತ್ತದೆ. ಇಲ್ಲಿ ಬಂಡೆಗೆ ಬಡಿದ ಕಬ್ಬಿಣದ ಏಣಿ ಹತ್ತಬೇಕು. ನಾನು ಮೂರನೇ ಸಲ ಕೂತಾಗ, ರಿಟೈರ್ ಆದ ವಯಸ್ಸಿನ ಅಜ್ಜಿಯೊಬ್ಬರು ಒಂಬತ್ತು ವಾರಿ ಸೀರೆಯಲ್ಲೇ ನನ್ನನ್ನು ದಾಟಿ ಹೋದರು. ದಾರಿಯಲ್ಲಿ ಹಳ್ಳಿಯವರು ಮಡಕೆಯಲ್ಲಿ ಮಜ್ಜಿಗೆ ಇಟ್ಟುಕೊಂಡು ಕೂತಿದ್ದರು. ಎರಡು ಲೋಟ ಕುಡಿದೆ.

ಊರೊಳಗೇ ಬೇಕು ಅನ್ನೋರಿಗೆ ಬೋರಿವಲಿಯ ನ್ಯಾಷನಲ್ ಪಾರ್ಕ್ ಇದೆ. ಸುಮಾರು 100 ಚದರ ಕಿಲೋಮೀಟರ್ ಕಾಡು, ಎರಡು ಕೆರೆ, ಕಾನ್ಹೇರಿಯ ನೂರಕ್ಕೂ ಹೆಚ್ಚು ಬೌದ್ಧ ಗುಹೆ, ಜೊತೆಗೆ ಚಿರತೆ. ನೇರಳ ಸ್ಟೇಷನ್ನಿನಿಂದ ಮೇಲೆ ಹತ್ತಿದರೆ ಕಾರು, ಬೈಕನ್ನು ಊರೊಳಗೆ ಬಿಡದ ಗಿರಿಧಾಮ ಮಾಥೇರಾನ್.

ಇವರಿಗೆ ಈ ಹುಚ್ಚು ಎಲ್ಲಿಂದ ಬಂತು ಅಂತ ಬಹಳ ದಿನ ಯೋಚಿಸಿದ್ದೆ. ಉತ್ತರ ನಮ್ಮ ಬಿಲ್ಡಿಂಗಿನ ಕೆಳಗೇ ಸಿಕ್ಕಿತು. ದೀಪಾವಳಿ ಬಂದರೆ ಇಲ್ಲಿನ ಮಕ್ಕಳು ಕಲ್ಲು, ಮಣ್ಣು, ಗೋಣಿಚೀಲ ಸೇರಿಸಿ ಕಿಲ್ಲಾ, ಅಂದರೆ ಪುಟ್ಟ ಕೋಟೆ ಕಟ್ಟುತ್ತಾರೆ. ಸಾಸಿವೆ ಎರಚಿ ಹುಲ್ಲು ಬರಿಸಿ, ಮೇಲೆ ಶಿವಾಜಿಯನ್ನೂ ಸುತ್ತ ಮಾವಳೆ ಸೈನಿಕರನ್ನೂ ನಿಲ್ಲಿಸುತ್ತಾರೆ. ಆರು ವರ್ಷಕ್ಕೆ ಶಿವಾಜಿಯ ಬೆಟ್ಟದ ಕೋಟೆ ರಾಜಗಡವನ್ನು ಕಟ್ಟಿದ ಹುಡುಗ ಹದಿನಾರಕ್ಕೆ ಅದನ್ನು ಹತ್ತದೆ ಬಿಡ್ತಾನಾ?

ನಮ್ಮಲ್ಲಿ ಬೆಟ್ಟ ಒಂದೋ ದುಡಿಮೆ, ಇಲ್ಲವೋ ಹರಕೆ. ದೀಪಾವಳಿಗೆ ಚಿಕ್ಕಮಗಳೂರಿನ ದೇವೀರಮ್ಮನ ಬೆಟ್ಟವನ್ನು ಸಾವಿರಾರು ಜನ ಹತ್ತುತ್ತಾರೆ, ಹೌದು. ಬೇರೆ ದಿನ ಅವರಲ್ಲಿ ಎಷ್ಟು ಜನ ಇನ್ನೊಂದು ಬೆಟ್ಟದ ಕಡೆ ನೋಡ್ತಾರೆ? ಈಗ ಮೂರನೆಯದೊಂದು ಬಂದಿದೆ, ಪ್ಯಾಕೇಜ್. ಶುಕ್ರವಾರ ರಾತ್ರಿ ಬೆಂಗಳೂರಿನಿಂದ ಟೆಂಪೋ ಟ್ರಾವೆಲರ್, ಬೆಳಿಗ್ಗೆ ಉಪ್ಪಿಟ್ಟು, ಸಂಜೆ ಕ್ಯಾಂಪ್‌ಫೈರ್. ನಾನೂ ಒಮ್ಮೆ ಹೀಗೆ ಹೋಗಿದ್ದೆ. ಕರೆದುಕೊಂಡು ಹೋದ ಹುಡುಗನಿಗೆ ದಾರಿಯ ಒಂದು ಮರದ ಹೆಸರೂ ಗೊತ್ತಿರಲಿಲ್ಲ. ನಂದಿ ಮರ ತೋರಿಸಿದ್ದಕ್ಕೆ ಅದರ ಫೋಟೋ ತೆಗೆದುಕೊಂಡ.

ಹಾಗಂತ ಚಾರಣದ ದಾರಿಗೆ ಅರಣ್ಯ ಇಲಾಖೆ ಹಾಕಿದ ಗೇಟು ಕಿತ್ತು ಹಾಕಿ ಅನ್ನೋದಿಲ್ಲ. 2024ರ ಜನವರಿಯಲ್ಲಿ ಕುಮಾರ ಪರ್ವತದ ಜನಜಂಗುಳಿಯ ಫೋಟೋ ಎಲ್ಲರ ಮೊಬೈಲಿಗೂ ಬಂತು. ಅರಣ್ಯ ಇಲಾಖೆ ಕೆಲ ಕಾಲ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂತು. ಸರಿಯಾಗೇ ಮಾಡಿತು. ಮಹಾರಾಷ್ಟ್ರದ ಗಡಗಳು, ಅಂದರೆ ಬೆಟ್ಟದ ಕೋಟೆಗಳು, ಜಾಸ್ತಿ ಬೋಳು ಕಲ್ಲು, ಹುಲ್ಲು. ನಮ್ಮದು ಆನೆ ಓಡಾಡುವ ಕಾಡು. ಮಹಾರಾಷ್ಟ್ರದಲ್ಲೂ ಹೇಳೋರು ಕೇಳೋರು ಇಲ್ಲದ್ದಕ್ಕೆ ಬೆಲೆ ತೆತ್ತಿದ್ದಾರೆ. ಅದೇ ವರ್ಷ ಜೂನ್‌ನಲ್ಲಿ ಪುಣೆ ಕಡೆಯ ಲೋಣಾವಳಾದ ಭೂಶಿ ಅಣೆಕಟ್ಟಿನ ಹಿಂದಿನ ಜಲಪಾತದಲ್ಲಿ ಒಂದೇ ಮನೆಯ ಐದು ಜನ ಕೊಚ್ಚಿ ಹೋದರು. ಗೇಟು ಇರಲಿ. ಬೆಟ್ಟದ ಬುಡದ ಊರಿನವರು, ಅವರ ಮಕ್ಕಳು ಆ ಗೇಟು ದಾಟಿ ನಡೆಯೋದು ಯಾವಾಗ ಅನ್ನೋದು ನನ್ನ ತಕರಾರು.

ಬೇರೆಯವರನ್ನು ಯಾಕೆ ಅನ್ನಲಿ. ಕೆಳದಿ ಅರಸರ ಬೆಟ್ಟದ ಕೋಟೆ ಕವಲೇದುರ್ಗ ನಮ್ಮ ಜಿಲ್ಲೆಯಲ್ಲೇ ಇದೆ. ನಾನು ಅದನ್ನು ಮೊದಲು ನೋಡಿದ್ದು ಮೂವತ್ತೆಂಟನೇ ವಯಸ್ಸಿಗೆ, ಅದೂ ಮಗಳು "ನಮ್ಮೂರಿನ ಕಿಲ್ಲಾ ಯಾವುದು ಅಪ್ಪಾ?" ಅಂತ ಕೇಳಿದ ಮೇಲೆ. ಗದ್ದೆ ಅಂಚು ದಾಟಿ, ಕಲ್ಲು ಹಾಸಿದ ದಾರಿ ಹಿಡಿದು, ಒಂದಾದ ಮೇಲೊಂದು ಬಾಗಿಲು ದಾಟಿ ಹತ್ತಿದೆವು. ಮಂಜು ಬಿದ್ದು ತುದಿಯ ದೇವಸ್ಥಾನ ಹತ್ತು ಮಾರು ದೂರಕ್ಕೂ ಕಾಣುತ್ತಿರಲಿಲ್ಲ. ಅಮ್ಮನೂ ಮೊದಲನೇ ಬಾಗಿಲ ತನಕ ಬಂದು, ಕಟ್ಟೆ ಮೇಲೆ ಕೂತು ಎಲೆ ಅಡಿಕೆ ಹಾಕಿದಳು.

ಹೋದ ದೀಪಾವಳಿಗೆ ಮಗಳು ಬಿಲ್ಡಿಂಗಿನ ಕೆಳಗೆ ಕಟ್ಟಿದ್ದು ಕವಲೇದುರ್ಗವನ್ನೇ. ಕೆರೆಗೆ ಸ್ಟೀಲ್ ಬಟ್ಟಲು, ದೇವಸ್ಥಾನಕ್ಕೆ ಬೆಂಕಿಪೊಟ್ಟಣ. "ಹಾ ಕುಠಲಾ ಕಿಲ್ಲಾ?" ಇದು ಯಾವ ಕೋಟೆ ಅಂತ ಪಕ್ಕದ ಮನೆ ಹುಡುಗ ಮರಾಠಿಯಲ್ಲಿ ಕೇಳಿದ. ಹೆಸರು ಹೇಳಿದಳು. ಅವನಿಗೆ ನಾಲಿಗೆ ತಿರುಗಲಿಲ್ಲ, ಮೂರು ಸಲ ಹೇಳಿಸಿದಳು.