ಪಿಕಪ್‌ಗೆ ಯೂನಿಬಾಡಿ ಸಾಕಾ, ಚಾಸಿಸ್ ಬೇಕೇ ಬೇಕಾ?

ಪರ: ಯೂನಿಬಾಡಿ ಧಾರಾಳ ಸಾಕು

ಪಿಕಪ್ ಅಂದ ಮೇಲೆ ಕೆಳಗೆ ಏಣಿಯಂಥ ಚಾಸಿಸ್, ಅಂದರೆ ಇಡೀ ಗಾಡಿಯನ್ನು ಹೊರುವ ಉಕ್ಕಿನ ಚೌಕಟ್ಟು, ಇರಲೇಬೇಕು ಅಂತ ಹಟ ಹಿಡಿಯುವವರ ಗಾಡಿಯ ಹಿಂದಿನ ಸರಕಿನ ತೊಟ್ಟಿ ಒಮ್ಮೆ ನೋಡಿ. ಮುಕ್ಕಾಲು ಪಾಲು ಹೊತ್ತು ಖಾಲಿ, ಅಲ್ವಾ? ಭಾರಕ್ಕೆಂದೇ ಕೂರಿಸಿದ ಲೀಫ್ ಸ್ಪ್ರಿಂಗ್ (ಉಕ್ಕಿನ ಪಟ್ಟಿಗಳ ಸ್ಪ್ರಿಂಗ್) ಖಾಲಿ ಇದ್ದಾಗ ಮಣಿಯುವುದಿಲ್ಲ, ಹಾಗಾಗಿ ಪ್ರತಿ ಗುಂಡಿಗೂ ಗಾಡಿಯ ಹಿಂಭಾಗ ಕುಣಿಯುತ್ತದೆ.

ಯೂನಿಬಾಡಿಯಲ್ಲಿ ನೆಲ, ಕಂಬ, ಚಾವಣಿ ಎಲ್ಲ ಸೇರಿ ಒಂದೇ ಬೆಸುಗೆಯ ಗೂಡು. ತೂಕ ಕಡಿಮೆ, ಇಂಧನ ಉಳಿತಾಯ, ತಿರುವಿನಲ್ಲಿ ಕಾರಿನಂಥ ಹಿಡಿತ. ಹೋಂಡಾ ರಿಡ್ಜ್‌ಲೈನ್ 2005ರಿಂದಲೂ ಇದೇ ದಾರಿಯಲ್ಲಿದೆ. ಹಿಂದಿನ ಎರಡೂ ಚಕ್ರಗಳಿಗೆ ಬೇರೆ ಬೇರೆ ಸಸ್ಪೆನ್ಶನ್ ಕೊಟ್ಟಿದ್ದರಿಂದ ಎರಡನ್ನೂ ಜೋಡಿಸಿ ಮೇಲೆ ಕೆಳಗೆ ಆಡುವ ಉದ್ದದ ಆಕ್ಸಲ್ ಇಲ್ಲ, ಉಳಿದ ಜಾಗದಲ್ಲಿ ತೊಟ್ಟಿಯ ನೆಲದಡಿ ಬೀಗ ಹಾಕುವ ಡಿಕ್ಕಿಯೇ ಬಂತು! ಫೋರ್ಡ್ ಮ್ಯಾವರಿಕ್ ಪುಟ್ಟದು, ಆದರೂ ಸುಮಾರು 680 ಕಿಲೋ ಹೊರುತ್ತದೆ. ಟ್ರೇಲರ್ ಎಳೆಯೋದು ಕಷ್ಟ ಅನ್ನುತ್ತೀರಾ? ಟೆಸ್ಲಾ ಸೈಬರ್‌ಟ್ರಕ್‌ಗೆ ಏಣಿ ಚಾಸಿಸ್ ಇಲ್ಲ, ಎಳೆಯುವ ಮಿತಿ ಹತ್ತಿರ ಹತ್ತಿರ 5 ಟನ್.

ವಿರೋಧ: ದುಡಿಯುವ ಗಾಡಿಗೆ ಚಾಸಿಸ್ಸೇ ಸೈ

ಸೈಬರ್‌ಟ್ರಕ್ಕಿನ ಆ ಬಲ ಬಂದಿರುವುದು ದೊಡ್ಡ ಅಲ್ಯೂಮಿನಿಯಂ ಎರಕದಿಂದ. ಅದು ಬಿರುಕು ಬಿಟ್ಟರೆ ಊರ ವೆಲ್ಡರ್ ಕೈಲಿ ಏನೂ ಆಗಲ್ಲ. ಮ್ಯಾವರಿಕ್ ಹೊರುತ್ತದೆ, ಒಪ್ಪೋಣ. ಆದರೆ ಎಳೆಯುವುದು ಟೋಯಿಂಗ್ ಪ್ಯಾಕೇಜ್ ಹಾಕಿಸಿದರೂ ಸುಮಾರು 1.8 ಟನ್. ಚಾಸಿಸ್ ಮೇಲೆ ಕೂತ ಫೋರ್ಡ್‌ನದೇ ದೊಡ್ಡ ಪಿಕಪ್ ಎಫ್-150 ಸರಿಯಾದ ಎಂಜಿನ್ ಇದ್ದರೆ 6 ಟನ್ ಹತ್ತಿರ ಹೋಗುತ್ತದೆ.

ಚಾಸಿಸ್ ಪಿಕಪ್ಪಿನ ಒಂದು ಚಕ್ರ ಹಳ್ಳಕ್ಕೆ ಇಳಿದಾಗ ಕ್ಯಾಬಿನ್ ಮತ್ತು ತೊಟ್ಟಿಯ ನಡುವಿನ ಸಂದಿನ ಆಚೀಚೆ ಗಾಡಿಯ ಹಿಂದಿನಿಂದ ಗಮನಿಸಿ. ಕ್ಯಾಬಿನ್, ತೊಟ್ಟಿ ಎರಡೂ ಒಂದೊಂದು ಕಡೆ ವಾಲಿರುತ್ತವೆ. ಅದು ದೋಷ ಅಲ್ಲ. ಚಾಸಿಸ್ ತಿರುಚಿಕೊಳ್ಳುತ್ತದೆ, ಕ್ಯಾಬಿನ್ ಕೆಳಗಿನ ರಬ್ಬರ್ ಬುಷ್‌ಗಳು ಅದನ್ನು ನುಂಗುತ್ತವೆ, ಬಾಗಿಲಿಗೆ ಏನೂ ಆಗುವುದಿಲ್ಲ. ಫೋರ್ಡ್ 1961ರ ಎಫ್-100ನಲ್ಲಿ ಈ ಸಂದನ್ನೇ ಮುಚ್ಚಿ, ಕ್ಯಾಬಿನ್ ಮತ್ತು ತೊಟ್ಟಿಯನ್ನು ಒಂದೇ ತುಂಡು ಮಾಡಿತ್ತು. ಕೆಳಗೆ ಚಾಸಿಸ್ ಇದ್ದೇ ಇತ್ತು, ಹಾಗಾಗಿ ಅದು ಇವತ್ತಿನ ಅರ್ಥದ ಯೂನಿಬಾಡಿ ಅಲ್ಲ ಅಂತ ವಾದಿಸಬಹುದು, ಇರಲಿ. ಜಾಸ್ತಿ ಭಾರ ಹೇರಿದರೆ ಬಾಗಿಲು ಸಿಕ್ಕಿಕೊಳ್ಳುತ್ತದೆ ಎಂಬ ದೂರುಗಳು ಬಂದವು, 1963ರ ನಂತರ ಆ ವಿನ್ಯಾಸವನ್ನೇ ಕೈಬಿಟ್ಟರು.

ರಿಪೇರಿಯೂ ನೋಡಿ. ತೊಟ್ಟಿ ಜಜ್ಜಿ ಹೋದರೆ ಬೋಲ್ಟ್ ಬಿಚ್ಚಿ ಇನ್ನೊಂದು ಕೂರಿಸಿದರಾಯ್ತು. ತೊಟ್ಟಿಯೇ ಬೇಡ, ನೀರಿನ ಟ್ಯಾಂಕೋ ಸಣ್ಣ ಕ್ರೇನೋ ಬೇಕು ಅಂದರೂ ಅದೇ ಚಾಸಿಸ್ ಮೇಲೆ ಕಟ್ಟಬಹುದು. ಯೂನಿಬಾಡಿಯ ತೊಟ್ಟಿಯನ್ನು ಸುಮ್ನೆ ಕತ್ತರಿಸಿ ತೆಗೆಯೋಕಾಗಲ್ಲ, ಗಾಡಿಯ ಬಲದ ಒಂದು ಪಾಲು ಅದರ ಜೊತೆಗೇ ಹೋಗುತ್ತದೆ.